ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಗಾದಿಯ ಶೋಧ

ಧಾರವಾಡದವರು ಹುಬ್ಬಳ್ಳಿಗೆ ಹೋಗುವದು ಬಹುಮಟ್ಟಿಗೆ ಎರಡೇ ಕಾರಣಗಳಿಗಾಗಿ. ಒಂದು, ದೂರದೂರಿಗೆ ಹೊರಡುವ ರೈಲುಗಾಡಿಯನ್ನು ಹಿಡಿಯುವದಕ್ಕೆ. ಇನ್ನೊಂದು, ತಮ್ಮೂರಲ್ಲಿ ಸಿಗದ, ಅಥವಾ ಸಿಕ್ಕರೂ ತುಟ್ಟಿಯೆಂದು ತೋರುವ ಸಾಮಾನನ್ನು ಕೊಳ್ಳುವದಕ್ಕೆ. ವಿದ್ಯೆ ನಮ್ಮದು, ವ್ಯಾಪಾರ ಅವರದು ಎಂದು ಹೇಳಿಕೊಂಡು ನಾವು ಧಾರವಾಡದವರು ಬಹುಕಾಲದಿಂದ ಸಮಾಧಾನಪಟ್ಟುಕೊಂಡಿದ್ದೇವೆ. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆಯನ್ನು ಮಾಡಿದರೂ ಈ ಭೇದಭಾವವು ಅಳಿದಿಲ್ಲ. ಆದರೆ ಕಳೆದ ಮಾಘಮಾಸದಲ್ಲಿ ನಾನು ಹುಬ್ಬಳ್ಳಿಗೆ ಹೋದದ್ದು ಈ ಎರಡು ಕಾರಣಗಳಿಗಿಂತಲೂ ತುಸು ಬೇರೆಯಾದ ಕಾರಣಕ್ಕಾಗಿ. ನನ್ನ ತಾಯಿಗೆ ನಿದ್ದೆ ಬೇಕಾಗಿತ್ತು.

ಅವಳಿಗೆ ಈಗ 74 ವರ್ಷ. ನವಲಗುಂದದ ಕಡೆಯ ಎರೆಯ ನಾಡಿನ ಒಂದು ಹಳ್ಳಿಯಲ್ಲಿ ಐವತ್ತು ವರ್ಷಗಳಿಗೂ ಮಿಕ್ಕಿ ಸಂಸಾರ ಮಾಡಿ, ನನ್ನ ತಂದೆಯವರು ತೀರಿಕೊಂಡ ಬಳಿಕ, ಹೋದ ಕಾರ್ತಿಕದಲ್ಲಿ ನಮ್ಮಲ್ಲಿಗೆ ಬಂದಳು. ಬರುವಾಗ ಒಂದು ಟ್ರಂಕು, ನವಲಗುಂದದ ಒಂದು ಜಮಖಾನ, ಮೂರು ಕೌದಿಗಳು, ಒಂದು ಹಳೆಯ ಗಾದಿ ಇಷ್ಟನ್ನು ತಂದಿದ್ದಳು. ಗಾದಿಯು ಅವಳ ಮದುವೆಯಲ್ಲಿ ತವರಿನವರು ಮಾಡಿಸಿಕೊಟ್ಟದ್ದು. ಅದರೊಳಗಿನ ಅರಳೆಯು ನನ್ನ ಅಜ್ಜನ ಹೊಲದ್ದು. ನಡುವೆ ತಗ್ಗು ಬಿದ್ದು, ಅಲ್ಲಲ್ಲಿ ಗಂಟುಗಟ್ಟಿ, ಒಂದು ಮೂಲೆಯಲ್ಲಿ ಹರಿದಿದ್ದ ಆ ಗಾದಿಯನ್ನು ಬಂದವರು ನೋಡಿಯಾರೆಂದು ನನಗೆ ನಾಚಿಕೆಯಾಯಿತೆಂಬದನ್ನು ಒಪ್ಪಿಕೊಳ್ಳುತ್ತೇನೆ. ಅದನ್ನು ಸುರುಳಿ ಸುತ್ತಿ ಅಟ್ಟದ ಮೇಲಕ್ಕೆ ಏರಿಸಿದೆನು. ಮರುದಿನವೇ ಒಂದು ದೊಡ್ಡ ಅಂಗಡಿಗೆ ಹೋಗಿ, ಎಂಟು ಇಂಚು ದಪ್ಪದ, ಕೈಯೂರಿದರೆ ಬೆರಳಚ್ಚು ಮೂಡುವಂಥ ಹೊಸ ನಮೂನೆಯ ಫೋಮಿನ ಗಾದಿಯನ್ನು ತಂದೆನು. ಅದರ ಗುಣಗಳನ್ನು ಅಂಗಡಿಯ ತರುಣನು ಅರ್ಧ ತಾಸು ವರ್ಣಿಸಿದನು. ನಾನು ಅದರ ಮೇಲೆ ಅರ್ಧ ನಿಮಿಷ ಕುಳಿತು ನೋಡಿದೆನು. ಅದರ ಮೇಲೆ ಮಲಗಬೇಕಾದವಳನ್ನು ಮಾತ್ರ ಕೇಳಲಿಲ್ಲ.

ಪುಷ್ಯಮಾಸದ ಒಂದು ರಾತ್ರಿ ಮೂರು ಗಂಟೆಯ ಸುಮಾರಿಗೆ ನೀರು ಕುಡಿಯಲಿಕ್ಕೆಂದು ಎದ್ದೆನು. ತಾಯಿಯ ಕೋಣೆಯಲ್ಲಿ ದೀಪದ ಬೆಳಕು ಕಂಡಿತು. ಇಣಿಕಿದರೆ, ಮಂಚದ ಮೇಲೆ ಹೊಸ ಗಾದಿಯು ಸುಕ್ಕಿಲ್ಲದೆ ಮಲಗಿದೆ. ಅವಳು ನೆಲದ ಮೇಲೆ ಜಮಖಾನ ಹಾಸಿ, ಅದರ ಮೇಲೊಂದು ಕೌದಿ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಾಳೆ.

“ಅವ್ವಾ, ಇಲ್ಲ್ಯಾಕ ಕುಂತಿ?” ಎಂದೆ.

“ಏನಿಲ್ಲ ತಮ್ಮಾ, ಸೆಕಿ ಆಗಿತ್ತು” ಎಂದಳು.

ಪುಷ್ಯಮಾಸದ ನಡುರಾತ್ರಿಯಲ್ಲಿ ಧಾರವಾಡದಲ್ಲಿ ಸೆಕೆ! ನಾನು ಅವಳ ಹತ್ತಿರ ಕುಳಿತೆನು. ಬಹಳ ಹೊತ್ತಿನ ಮೇಲೆ ನಿಜವು ಹೊರಬಿದ್ದಿತು. “ಅದು ನನ್ನ ನುಂಗತೈತಿ ತಮ್ಮಾ. ಮಗ್ಗಲ ಹೊಳ್ಳಬೇಕಂದ್ರ ಎದ್ದು ಕುಂತು ಹೊಳ್ಳಬೇಕು. ಮುಂಜಾನೆ ನಡಾ ಹಿಡಿದಿರತೈತಿ. ನೀ ಅಷ್ಟು ರೊಕ್ಕಾ ಕೊಟ್ಟು ತಂದೀದಿ, ಬ್ಯಾಡಂತ ಹೆಂಗ ಅನ್ಲಿ?” ಎರಡು ತಿಂಗಳು ಅವಳು ಹೀಗೆಯೇ ನೆಲದ ಮೇಲೆ ರಾತ್ರಿಯನ್ನು ಕಳೆದು, ನಾವು ಏಳುವದಕ್ಕೆ ಮುಂಚೆ ಜಮಖಾನವನ್ನು ಮಡಿಚಿಟ್ಟು, ಗಾದಿಯ ಮೇಲೆ ಒಂದಿಷ್ಟು ಹೊರಳಾಡಿದಂತೆ ಹೊದಿಕೆಯನ್ನು ಚದರಿಸಿಡುತ್ತಿದ್ದಳಂತೆ. ಇದನ್ನು ಕೇಳಿದ ಮೇಲೆ ಬೆಳಗಿನವರೆಗೆ ನನಗೂ ನಿದ್ದೆ ಬರಲಿಲ್ಲ.

ಗಾದಿಯನ್ನು ಮರಳಿ ತೆಗೆದುಕೊಳ್ಳಿರೆಂದು ಅಂಗಡಿಯವರನ್ನು ಕೇಳಿದ್ದಾಯಿತು. ಮೇಲಿನ ಹೊದಿಕೆಯನ್ನು ಬಿಚ್ಚಿದ ಮೇಲೆ ತೆಗೆದುಕೊಳ್ಳಲಾಗದೆಂದು ಉತ್ತರ ಬಂದಿತು. ಗ್ಯಾರಂಟಿಯ ಚೀಟಿಯನ್ನು ಆಗ ಮೊದಲ ಸಲ ಓದಿ ನೋಡಿದೆನು. ಗಾದಿಯು ಇಷ್ಟು ಇಂಚು ಕುಸಿದರೆ ಮಾತ್ರ ಬದಲು ಕೊಡುವೆವೆಂದು ಅದರಲ್ಲಿ ಬರೆದಿತ್ತು; ಮಲಗಿದವರಿಗೆ ನಿದ್ದೆ ಬರದಿದ್ದರೆ ಏನೆಂಬದನ್ನು ಬರೆದಿರಲಿಲ್ಲ. ನಮ್ಮ ಮನೆಯವರು ಒಂದೇ ಮಾತು ಹೇಳಿದರು: “ಈ ಸಲ ಅತ್ತಿಯವರನ್ನ ಕರಕೊಂಡು ಹೋಗ್ರಿ.”

ಹೊರಡುವ ದಿನ ಮುಂಜಾನೆ ತಾಯಿಯು ಅಟ್ಟದ ಮೇಲಿನ ಗಾದಿಯನ್ನು ಕೆಳಗಿಳಿಸಲು ಹೇಳಿ, ಅದರ ಹರಿದ ಮೂಲೆಯೊಳಗೆ ಬೆರಳು ಹಾಕಿ, ಒಂದು ಹಿಡಿ ಅರಳೆಯನ್ನು ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಏಕೆಂದು ನಾನು ಕೇಳಲಿಲ್ಲ. ಜ್ಯೂಬಿಲಿ ಸರ್ಕಲಿನ ಹತ್ತಿರ ಚಿಗರಿ ಬಸ್ಸನ್ನು ಹತ್ತಿದೆವು. 2018ರಲ್ಲಿ ಓಡಾಡತೊಡಗಿದ ಈ ಬಸ್ಸುಗಳಿಗೆ ರಸ್ತೆಯ ನಡುವೆ ತಮ್ಮದೇ ಆದ ದಾರಿಯುಂಟು. ಸತ್ತೂರು, ರಾಯಾಪುರ, ನವನಗರಗಳು ಒಂದರ ಹಿಂದೊಂದು ಸರಿದವು. ಹಿಂದೆ ಎರಡೂ ಊರುಗಳ ನಡುವೆ ಹೊಲಗಳಿದ್ದ ಕಡೆ ಈಗ ಮನೆಗಳೂ ಕಾರ್ಖಾನೆಗಳೂ ಬೆಳೆದಿವೆ. ಧಾರವಾಡದ ಗುಡ್ಡದ ಕೆಂಪು ಮಣ್ಣು ಹಿಂದೆ ಬಿದ್ದು, ಹುಬ್ಬಳ್ಳಿಯ ಬಯಲು ತೆರೆದುಕೊಳ್ಳುವ ಈ ಹಾದಿಯಲ್ಲಿ ಹವೆಯೂ ಬದಲಾಗುವದು. ಆಷಾಢ ಶ್ರಾವಣಗಳಲ್ಲಿ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿರುವಾಗ ಹುಬ್ಬಳ್ಳಿಯಲ್ಲಿ ಬಿಸಿಲು ಕಾಣುವದು ಅಪರೂಪವಲ್ಲ. ಗಾದಿಯನ್ನು ಕೊಳ್ಳುವವರು ಇದನ್ನೂ ಲಕ್ಷ್ಯದಲ್ಲಿಡಬೇಕೆಂಬದು ಮುಂದೆ ಗೊತ್ತಾಯಿತು.

ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ದಾಟುವಾಗ ತಾಯಿಯು ಕಿಡಕಿಯಿಂದ ಹೊರಗೆ ನೋಡುತ್ತ, ತನ್ನ ತಂದೆಯು ಹತ್ತಿಯ ಅಂಡಿಗೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ಬರುತ್ತಿದ್ದ ಕಥೆಯನ್ನು ಹೇಳಿದಳು. ಆ ಕಥೆಯು ಅವಳ ಮನೆಯದಷ್ಟೇ ಅಲ್ಲ. ಈ ಸೀಮೆಯದೇ ಕಥೆ. ಹುಬ್ಬಳ್ಳಿಯು ಬೆಳೆದದ್ದೇ ಹತ್ತಿಯಿಂದ. ನಮ್ಮ ಎರೆಯ ನೆಲದ ಹತ್ತಿಯು ಒಂದು ಕಾಲಕ್ಕೆ ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಆ ಕಾರಣದಿಂದ, ಕುಮಟೆಯಲ್ಲಿ ಹತ್ತಿಯ ಒಂದು ಗಿಡ ಬೆಳೆಯದಿದ್ದರೂ, ಅದಕ್ಕೆ ವ್ಯಾಪಾರಿಗಳು ‘ಕುಮಟಾ ಹತ್ತಿ’ ಎಂದೇ ಹೆಸರಿಟ್ಟರು. 1840ರ ದಶಕದಲ್ಲಿ ಕಂಪನಿ ಸರಕಾರದವರು ಅಮೇರಿಕೆಯ ಬೀಜವನ್ನು ತರಿಸಿ ಈ ಸೀಮೆಯಲ್ಲಿ ಬಿತ್ತಿಸಿದರು. ಅದು ‘ಧಾರವಾಡ ಅಮೇರಿಕನ್’ ಎನ್ನಿಸಿತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ವಿಲಾಯತಿಗೆ ಹೋಗುವದು ನಿಂತಾಗ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಮುಂದೆ 1880ರ ದಶಕದಲ್ಲಿ ರೈಲು ಬಂದು, ಕುಮಟೆಯ ಹಾದಿಯು ಹಿಂದೆ ಬಿದ್ದು, ಹುಬ್ಬಳ್ಳಿಯು ದೊಡ್ಡ ಪೇಟೆಯಾಯಿತು. ಇಂದು ಅದೇ ಊರಿನ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟಫಾರ್ಮು ಇರುವದು; 2023ರಲ್ಲಿ ಉದ್ಘಾಟಿತವಾದ ಇದು ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದದ್ದೆಂದು ಹೆಸರು ಪಡೆದಿದೆ.

ಚೆನ್ನಮ್ಮನ ವೃತ್ತದಲ್ಲಿಳಿದು, ಮೊದಲು ಹೊಸ ತರಹದ ಗಾದಿಗಳ ಅಂಗಡಿಗಳನ್ನು ಹೊಕ್ಕೆವು. ಮೊದಲನೆಯ ಅಂಗಡಿಯಲ್ಲಿಯೇ ಒಂದು ತೊಡಕು ಬಂದಿತು. ಮಲಗಿ ನೋಡಿರೆಂದು ಅಂಗಡಿಯವರು ಹೇಳಿದರೆ ತಾಯಿಯು ಗಾದಿಯ ಅಂಚಿಗೆ ಕುಳಿತು, “ಇಷ್ಟು ಮಂದಿ ಮುಂದ ಹೆಂಗ ಮಲಗಲಿ?” ಎಂದು ತಲೆ ತಗ್ಗಿಸಿದಳು. ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳು ತಮ್ಮ ಗಾದಿಯನ್ನು ತಾವೇ ಆರಿಸಿಕೊಳ್ಳದಿರುವದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ಆಗ ಹೊಳೆಯಿತು. ಎರಡನೆಯ ಅಂಗಡಿಯಲ್ಲಿ ಗಲ್ಲಾದ ಮೇಲೆ ಕುಳಿತಿದ್ದ ಹೆಣ್ಣುಮಗಳು ಇದನ್ನು ಕೇಳದೆಯೇ ತಿಳಿದುಕೊಂಡಳು. “ಬರ್ರಿ ಅವ್ವಾರ, ಒಳಗ ಯಾರೂ ಇಲ್ಲ” ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಒಂದೊಂದಾಗಿ ನಾಲ್ಕು ಗಾದಿಗಳ ಮೇಲೆ ಮಲಗಿಸಿದಳು. ನಾನು ಹೊರಗೆ ಕುಳಿತು ಅಂಗಡಿಯ ಮಾಲಕರೊಡನೆ ಮಾತಾಡಿ ತಿಳಿದುಕೊಂಡದ್ದನ್ನೂ, ಆಮೇಲೆ ಓದಿ ಕಂಡುಕೊಂಡದ್ದನ್ನೂ ವಾಚಕರ ಉಪಯೋಗಕ್ಕಾಗಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ.

ಈಗ ಪೇಟೆಯಲ್ಲಿ ಸಿಗುವ ಗಾದಿಗಳು ಮುಖ್ಯವಾಗಿ ಐದು ತರಹದವು: ಅರಳೆಯವು, ನಾರಿನವು, ಫೋಮಿನವು, ಸ್ಪ್ರಿಂಗಿನವು, ರಬ್ಬರಿನ ಹಾಲಿನಿಂದ ಮಾಡಿದವು. ನಾರಿನ ಗಾದಿಯೆಂದರೆ ತೆಂಗಿನ ನಾರನ್ನು ಸುರುಳಿಗೊಳಿಸಿ, ಬಿಡಿಸಿ, ಅದರ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ, ಒತ್ತಿ, ಕಾಯಿಸಿ ಮಾಡಿದ್ದು. ಇದರೊಳಗೆ ಗಾಳಿಯಾಡುವದು, ಬೆನ್ನಿಗೆ ಗಟ್ಟಿಯಾದ ಆಧಾರವಿರುವದು, ಬೆಲೆಯೂ ಸಾಧಾರಣವಾದದ್ದು. ಮಣಿಪಾಲದ ಪೈ ಮನೆತನದವರು 1962ರಲ್ಲಿ ಆರಂಭಿಸಿದ ಉದ್ಯಮದಿಂದ ಇದು ನಮ್ಮ ನಾಡಿನ ಮನೆಮನೆಗೆ ಬಂದು, ‘ಕರ್ಲಾನ್’ ಎಂಬ ಅದರ ಹೆಸರೇ ಎಷ್ಟೋ ಮನೆಗಳಲ್ಲಿ ಈ ಜಾತಿಯ ಗಾದಿಗೆ ಸಾಮಾನ್ಯ ನಾಮವಾಯಿತು. ದಿನ ಹೋದಂತೆ ನಡುವೆ ತಗ್ಗು ಬೀಳುವದು ಇದರ ದೋಷ. ಅದಕ್ಕಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಬೇಕು. ಎರಡೂ ಮಗ್ಗಲಿಗೆ ಬಳಸಬಹುದಾದದ್ದಾಗಿದ್ದರೆ ಮಗುಚಿಯೂ ಹಾಕಬೇಕು.

ಫೋಮನ್ನು ದಪ್ಪದಿಂದ ಅಳೆಯಬಾರದು, ದಟ್ಟಣೆಯಿಂದ ಅಳೆಯಬೇಕು. ಒಂದು ಘನ ಮೀಟರಿಗೆ ಎಷ್ಟು ಕಿಲೋ ತೂಗುವದೆಂಬ ಲೆಕ್ಕವದು. ಇದು ಕಡಿಮೆಯಾದಷ್ಟೂ ಗಾದಿಯು ಬೇಗನೆ ಕುಸಿಯುವದು. ಹತ್ತು ಇಂಚಿನ ಜಳಕು ಫೋಮಿಗಿಂತ ಐದು ಇಂಚಿನ ದಟ್ಟ ಫೋಮು ಲೇಸು. ನಾನು ಮೊದಲು ತಂದದ್ದು ‘ಮೆಮರಿ ಫೋಮು’ ಎಂಬ ಜಾತಿಯದು. 1966ರಲ್ಲಿ ಅಮೇರಿಕೆಯ ಆಕಾಶಯಾನ ಸಂಸ್ಥೆಯಾದ ನಾಸಾದವರಿಗಾಗಿ ಇದನ್ನು ಮೊದಲು ಕಂಡುಹಿಡಿಯಲಾಯಿತು. ಮೈಯ ಕಾವಿಗೆ ಮೆತ್ತಗಾಗಿ ಮೈಯ ಆಕಾರವನ್ನೇ ತಾಳುವದು ಇದರ ಗುಣ. ಆ ಗುಣವೇ ಮುದುಕರಿಗೆ ದೋಷವಾಗುವ ಸಂಭವವುಂಟು. ಬಿದ್ದ ತಗ್ಗಿನಿಂದ ಹೊರಳಿ ಮೇಲೇಳಲಿಕ್ಕೆ ತೋಳಿನಲ್ಲಿ ಶಕ್ತಿ ಬೇಕು. ಮೈಯ ಕಾವನ್ನು ಅದು ಹಿಡಿದಿಟ್ಟುಕೊಳ್ಳುವದಾದ್ದರಿಂದ ಚೈತ್ರ ವೈಶಾಖಗಳಲ್ಲಿ ಹುಬ್ಬಳ್ಳಿಯ ಸೆಕೆಗೆ ಇನ್ನಷ್ಟು ಕೂಡಿಸಿದಂತಾಗುವದು. ಸ್ಪ್ರಿಂಗಿನ ಗಾದಿಯಲ್ಲಿ ಒಂದೊಂದು ಸ್ಪ್ರಿಂಗಿಗೂ ಬೇರೆಬೇರೆ ಚೀಲ ಹಾಕಿದ್ದಾದರೆ ಒಬ್ಬರು ಹೊರಳಿದ್ದು ಪಕ್ಕದವರಿಗೆ ತಿಳಿಯದು. ಇಬ್ಬರು ಮಲಗುವ ಮಂಚಕ್ಕೆ ಇದು ಅನುಕೂಲ. ರಬ್ಬರಿನ ಹಾಲಿನದು ಪುಟಿಯುವಂಥದು, ಬಾಳಿಕೆಯದು. ಆದರೆ ಬೆಲೆಯು ಹೆಚ್ಚು, ಭಾರವೂ ಹೆಚ್ಚು.

ಬೆನ್ನುನೋವಿಗೆ ಹಲಗೆಯಂತೆ ಗಟ್ಟಿಯಾದ ಹಾಸಿಗೆಯೇ ಮದ್ದೆಂದು ನಮ್ಮ ಹಿರಿಯರೂ ಹಿಂದಿನ ವೈದ್ಯರೂ ಹೇಳುತ್ತಿದ್ದರು. ಇದು ಪೂರ್ಣ ನಿಜವಲ್ಲ. ಸ್ಪೇನ್ ದೇಶದ ವೈದ್ಯರು ಬಹುದಿನದ ಸೊಂಟನೋವಿನ 313 ಜನರನ್ನು ಎರಡು ಗುಂಪು ಮಾಡಿ, ಕೆಲವರಿಗೆ ಗಟ್ಟಿ ಗಾದಿಯನ್ನೂ ಕೆಲವರಿಗೆ ನಡುತರದ ಗಟ್ಟಿತನದ ಗಾದಿಯನ್ನೂ ಕೊಟ್ಟು, 90 ದಿನ ಪರೀಕ್ಷಿಸಿ, 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ನಡುತರದ ಗಾದಿಯವರಿಗೆ ನೋವು ಹೆಚ್ಚು ತಗ್ಗಿತ್ತು. ಕಾರಣವು ಸರಳವಾದದ್ದು. ಮಗ್ಗಲಾಗಿ ಮಲಗಿದಾಗ ಭುಜವೂ ಟೊಂಕವೂ ತುಸು ಒಳಗಿಳಿಯಬೇಕು. ನಡುವು ಮಾತ್ರ ತೂಗುಬೀಳದೆ ಆಧಾರ ಪಡೆಯಬೇಕು. ಆಗ ಬೆನ್ನುಹುರಿಯು ನೆಟ್ಟಗಿರುವದು. ತೀರ ಗಟ್ಟಿಯಾದದ್ದು ಭುಜವನ್ನೊತ್ತುವದು. ತೀರ ಮೆತ್ತಗಿನದು ನಡುವನ್ನು ಬಗ್ಗಿಸುವದು. ಆ ಹೆಣ್ಣುಮಗಳು ತಾಯಿಗೆ ಕಲಿಸಿದ ಪರೀಕ್ಷೆಯೂ ಇದನ್ನೇ ಅನುಸರಿಸಿದ್ದು: ಅಂಗಾತ ಮಲಗಿ, ನಡುವಿನ ಕೆಳಗೆ ಅಂಗೈಯನ್ನು ತೂರಿಸಬೇಕು. ಕೈ ತಡೆಯಿಲ್ಲದೆ ಆಚೆಗೆ ಹೋದರೆ ಗಾದಿಯು ಅತಿ ಗಟ್ಟಿ. ಕೈ ತೂರಲಿಕ್ಕೇ ಎಡೆಯಿಲ್ಲದಿದ್ದರೆ ಅತಿ ಮೆತ್ತಗೆ. ತುಸು ಒತ್ತಿ ತೂರಿಸಬೇಕಾದರೆ ಅದು ತಕ್ಕದ್ದು.

ತಾಯಿಯು ಹೊರಗೆ ಬಂದು, “ಮೂರನೇದು ಛಲೋ ಐತಿ. ಆದ್ರ ಮ್ಯಾಲ ಬಿರುಸು ಅನಸತೈತಿ” ಎಂದಳು. ಮೂರನೆಯದು ನಾಲ್ಕು ಇಂಚಿನ ನಾರಿನ ಗಾದಿ. ನಾಲ್ಕರಲ್ಲಿ ಅತ್ಯಂತ ಅಗ್ಗದ್ದು ಅದೇ. ನಾನು ಕೊಳ್ಳುವದಕ್ಕೆ ಅವಸರಪಟ್ಟೆನು. ಅವಳು ನನ್ನನ್ನು ತಡೆದು, ಸೆರಗಿನ ಗಂಟನ್ನು ಮುಟ್ಟಿ ತೋರಿಸಿ, “ಗಾದಿ ಮಾಡೋರ ಅಂಗಡಿಗೆ ಒಂದೀಟು ಹೋಗಿ ಬರೋಣ” ಎಂದಳು.

ದುರ್ಗದಬೈಲಿನ ಗದ್ದಲವನ್ನು ದಾಟಿ, ಜವಳಿಸಾಲಿನ ಬಟ್ಟೆಯ ಅಂಗಡಿಗಳ ಮುಂದೆ ಹಾಯ್ದು, ಹಳೆಯ ಪೇಟೆಯ ಒಂದು ಇಕ್ಕಟ್ಟಾದ ಓಣಿಗೆ ಬಂದೆವು. ಓಣಿಯು ಕಾಣುವ ಮೊದಲೇ ಅರಳೆಯ ವಾಸನೆಯು ಬಂದಿತು. ಒಂದು ಸಣ್ಣ ಅಂಗಡಿಯಲ್ಲಿ ಬಿಳಿಯ ಗಡ್ಡದ ಹಿರಿಯರೊಬ್ಬರು ಕುಳಿತಿದ್ದರು. ಹುಬ್ಬು, ರೆಪ್ಪೆ, ತಲೆಯ ಮೇಲಿನ ಟೊಪ್ಪಿಗೆ ಎಲ್ಲವುಗಳ ಮೇಲೂ ಅರಳೆಯ ಎಳೆಗಳು ಮಂಜಿನಂತೆ ಕುಳಿತಿದ್ದವು. ಪಿಂಜಾರರು, ನದಾಫರು ಎಂದು ಕರೆಯಿಸಿಕೊಳ್ಳುವ ಈ ಜನರು ತಲೆತಲಾಂತರದಿಂದ ನಮ್ಮ ನಾಡಿನ ಹಾಸಿಗೆಗಳನ್ನು ಮಾಡಿಕೊಟ್ಟವರು. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಪಿಂಜಾರನು ಹೆಗಲ ಮೇಲೆ ಉದ್ದನೆಯ ಬಿಲ್ಲನ್ನು ಹೊತ್ತು ಹಳ್ಳಿಗೆ ಬರುತ್ತಿದ್ದನು. ಬಿಲ್ಲಿನ ಹುರಿಯನ್ನು ಅರಳೆಯ ಮೇಲೆ ಹಿಡಿದು, ಮರದ ಗುಂಡಿನಿಂದ ಮೀಟಿದರೆ ಟಂಯ್ ಟಂಯ್ ಎಂಬ ನಾದದೊಡನೆ ಗಂಟುಗಟ್ಟಿದ ಅರಳೆಯು ಎಳೆಎಳೆಯಾಗಿ ಹಾರಿ, ಕೆಸರಿನಂತಿದ್ದದ್ದು ಮೋಡದಂತಾಗುತ್ತಿತ್ತು. ಈಗ ಆ ಕೆಲಸವನ್ನು ವಿದ್ಯುತ್ತಿನ ಯಂತ್ರವು ಮಾಡುವದು. ಬಿಲ್ಲು ಅಂಗಡಿಯ ಗೋಡೆಗೆ ತೂಗುಬಿದ್ದಿತ್ತು.

ತಾಯಿಯು ಸೆರಗಿನ ಗಂಟನ್ನು ಬಿಚ್ಚಿ ಅರಳೆಯನ್ನು ಅವರ ಮುಂದೆ ಇಟ್ಟಳು. ಅವರು ಅದನ್ನು ಬೆರಳುಗಳಿಂದ ಹಿಂಜಿದರು; ಮುಷ್ಟಿಯಲ್ಲಿ ಬಿಗಿಹಿಡಿದು ಬಿಟ್ಟರು; ಮತ್ತೊಮ್ಮೆ ಹಿಡಿದು ಬಿಟ್ಟರು.

“ಇದು ಜವಾರಿ ಹತ್ತಿರಿ ಅಮ್ಮಾರ. ಎಲ್ಲೀದು?”

“ನಮ್ಮಪ್ಪನ ಹೊಲದ್ದು. ಐವತ್ತು ವರ್ಷದ ಮ್ಯಾಲಾತು. ಎರಡ ಸಲ ಹಿಂಜಿಸೇವಿ.”

“ಇನ್ನೂ ಎರಡ ಸಲ ಹಿಂಜಬಹುದು. ನೋಡ್ರಿ, ಹಿಡದು ಬಿಟ್ರ ಮತ್ತ ಉಬ್ಬತೈತಿ. ಇದನ್ನ ಒಗೀಬ್ಯಾಡ್ರಿ. ಈಗ ಹುಡಿಕಿದ್ರೂ ಸಿಗಂಗಿಲ್ಲ.”

ಈ ಮಾತು ಹೊಗಳಿಕೆಯದಲ್ಲ, ಅನುಭವದ್ದು. ನೂಲಿಗೆ ಒಳ್ಳೆಯದಾದ ಹತ್ತಿಯೇ ಗಾದಿಗೆ ಒಳ್ಳೆಯದೆಂದು ನಾವು ತಿಳಿಯುತ್ತೇವೆ, ಆದರೆ ಹಾಗಲ್ಲ. ನೂಲಿಗೆ ಎಳೆಯು ಉದ್ದವಾಗಿ, ನಯವಾಗಿ ಇರಬೇಕು. ಗಾದಿಗೆ ಎಳೆಯು ಗಿಡ್ಡವಾಗಿ, ಒರಟಾಗಿ, ಒತ್ತಿದರೆ ಪುಟಿಯುವಂತಿರಬೇಕು. ನಯವಾದ ಉದ್ದ ಎಳೆಯು ಬೇಗನೆ ಒಂದಕ್ಕೊಂದು ಅಂಟಿ ಚಪ್ಪಟೆಯಾಗುವದು. ನಮ್ಮ ಎರೆಯ ನೆಲದ ಜಯಧರದಂಥ ದೇಶೀ ತಳಿಗಳು ಎರಡನೆಯ ಗುಂಪಿನವು. 1972ರಲ್ಲಿ ಧಾರವಾಡದ ಸಂಶೋಧನ ಕ್ಷೇತ್ರದಿಂದ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದರು; 1981ರಲ್ಲಿ ‘ಜಯಲಕ್ಷ್ಮಿ’ ಎಂದು ಹೆಸರಾದ ಡಿ. ಸಿ. ಎಚ್. 32 ಬಂದಿತು. ಉದ್ದ ಎಳೆಯ ಈ ಹತ್ತಿಗಳಿಂದ ದೇಶಕ್ಕೆ ದೊಡ್ಡ ಉಪಕಾರವಾಯಿತು. 2002ರಲ್ಲಿ ಬಿ. ಟಿ. ಹತ್ತಿಗೆ ಅಪ್ಪಣೆ ಸಿಕ್ಕ ಮೇಲೆ ಹೊಲಗಳ ಚಿತ್ರವೇ ಬದಲಾಯಿತು. ಇವೆಲ್ಲವುಗಳ ನಡುವೆ ಜವಾರಿ ಹತ್ತಿಯು ಹಿಂದೆ ಸರಿದು, ಈಗ ನಮ್ಮ ಅಟ್ಟಗಳ ಮೇಲಿನ ಹಳೆಯ ಗಾದಿಗಳಲ್ಲಿ ಅಡಗಿ ಕುಳಿತಿದೆ. ಅದನ್ನೇ ನಾನು ನಾಚಿಕೆಪಟ್ಟು ಮುಚ್ಚಿಟ್ಟಿದ್ದೆನು.

ನಮ್ಮ ತೊಂದರೆಯನ್ನು ಕೇಳಿಕೊಂಡು ಹಿರಿಯರು ಯೋಚಿಸಿ ಹೇಳಿದ ಉಪಾಯವು ಇದು: ಕೆಳಗೆ ನಾರಿನ ಗಾದಿಯಿರಲಿ, ಅದು ಬೆನ್ನನ್ನು ಹೊರುವದು. ಅದರ ಮೇಲೆ ಹಳೆಯ ಅರಳೆಯನ್ನೇ ಹಿಂಜಿ ಎರಡು ಇಂಚಿನ ತೆಳುವಾದ ಗಾದಿಯನ್ನು ಮಾಡಿ ಹಾಸಲಿ. ಅದು ಎಲುಬಿಗೆ ಮೆತ್ತಗಾಗುವದು. ತೆಳುವಾದದ್ದಾದರೆ ಅಮ್ಮನವರೇ ಎತ್ತಿ ಬಿಸಿಲಿಗೆ ಹಾಕಬಹುದು. “ಧಾರವಾಡದ ಮಳಿಗೆ ದಪ್ಪ ಅರಳಿ ಗಾದಿ ಆಗಂಗಿಲ್ರಿ ಸರ. ಥಂಡಿ ಕುಡಿದು ಭಾರ ಆಕ್ಕೈತಿ” ಎಂದರು. ಅರಳೆಯು ತೇವವನ್ನು ಹೀರುವದು. ತೇವವಿದ್ದಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ಬೆಳೆದು ಸೀನು ದಮ್ಮುಗಳನ್ನು ತರುವವು. ಆದಕಾರಣ ಮಳೆಗಾಲವನ್ನುಳಿದು ಹದಿನೈದು ದಿನಕ್ಕೊಮ್ಮೆ ಬಿಸಿಲು ತೋರಿಸಿ, ಕೋಲಿನಿಂದ ಬಡಿದು, ಮೂರು ನಾಲ್ಕು ವರ್ಷಕ್ಕೊಮ್ಮೆ ಹಿಂಜಿಸುವದು ಅವಶ್ಯ. ದಮ್ಮಿನ ಉಪದ್ರವವಿದ್ದವರು ಹಿಂಜುವ ಸ್ಥಳದಿಂದ ದೂರವಿರಬೇಕು.

ಮೋಸದ ವಿಷಯವನ್ನೂ ಅವರೇ ಎತ್ತಿದರು. ಅಗ್ಗದ ಗಾದಿಗಳಲ್ಲಿ ಮೇಲೆ ಒಂದು ಪದರು ಬಿಳಿಯ ಅರಳೆಯನ್ನಿಟ್ಟು ಒಳಗೆ ಚಿಂದಿಬಟ್ಟೆಯನ್ನು ಅರೆದು ಮಾಡಿದ ನಾರನ್ನು ತುಂಬುವವರುಂಟು. ಅಂಥದು ಆರು ತಿಂಗಳಲ್ಲಿ ಕಲ್ಲಾಗುವದು. ಆದುದರಿಂದ ಒಂದು ಮೂಲೆಯ ಹೊಲಿಗೆಯನ್ನು ಬಿಚ್ಚಿಸಿ, ಕೈಯನ್ನು ನಡುವಿನವರೆಗೆ ಹಾಕಿ ತೆಗೆದು ನೋಡಬೇಕು. ಬಣ್ಣಬಣ್ಣದ ಎಳೆಗಳು ಕಂಡರೆ ಅದು ಚಿಂದಿ. ಎಲ್ಲಕ್ಕೂ ಲೇಸೆಂದರೆ ಅರಳೆಯನ್ನು ಕಣ್ಣೆದುರಿಗೆ ತೂಗಿಸಿ, ಕಣ್ಣೆದುರಿಗೇ ತುಂಬಿಸುವದು. ಮೂರು ಅಡಿ ಅಗಲ, ಆರು ಅಡಿ ಉದ್ದದ ನಾಲ್ಕು ಇಂಚಿನ ಗಾದಿಗೆ ಹತ್ತರಿಂದ ಹನ್ನೆರಡು ಕಿಲೋ ಬೇಕೆಂದು ಅವರ ಲೆಕ್ಕ.

ಎರಡು ದಿನ ಬಿಟ್ಟು ಹಳೆಯ ಗಾದಿಯನ್ನು ಸಾಮಾನಿನ ಆಟೋದಲ್ಲಿ ಹಾಕಿಕೊಂಡು ಮತ್ತೆ ಹೋದೆವು. ತಾಯಿಯು ಬರುವೆನೆಂದು ಹಟ ಹಿಡಿದಳು. ಗಾದಿಯಿಂದ ಹನ್ನೊಂದು ಕಿಲೋ ಅರಳೆ ಹೊರಟಿತು. ಹಿಂಜಿ ಧೂಳನ್ನು ಕಳೆದ ಮೇಲೆ ಒಂಬತ್ತು ಉಳಿಯಿತು. ಆರು ಕಿಲೋ ತೆಳುವಾದ ಗಾದಿಗೆ ಸಂದಿತು. ಉಳಿದ ಮೂರರಲ್ಲಿ ಎರಡು ತಲೆದಿಂಬುಗಳಾದವು. ಗವಸಣಿಗೆಗೆ ಬೇಕಾದ ಪಟ್ಟಾಪಟ್ಟಿಯ ದಪ್ಪ ಬಟ್ಟೆಯನ್ನು ಜವಳಿಸಾಲಿನಲ್ಲಿ ತಂದೆವು. ಮೇಲುಹಾಸಿಗೆ ಬೆಂಗೇರಿಯ ಖಾದಿಯ ಚಾದರವನ್ನು ತೆಗೆದುಕೊಂಡೆವು. 1957ರ ನವೆಂಬರ 1ರಂದು ಸ್ಥಾಪಿತವಾಗಿ, ನಮ್ಮ ರಾಷ್ಟ್ರಧ್ವಜವನ್ನು ತಯಾರಿಸುವ ಸಂಸ್ಥೆಯೆಂದು ನಾಡಿಗೆಲ್ಲ ಹೆಸರಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹಾಸುವ ಬಟ್ಟೆಗಳೂ ತಯಾರಾಗುತ್ತವೆಂಬದು ನಮ್ಮಲ್ಲಿಯೇ ಎಷ್ಟೋ ಜನರಿಗೆ ಗೊತ್ತಿಲ್ಲ. ಹಿಂಜುವಾಗ ತಾಯಿಯು ಓಣಿಯ ಆಚೆಯ ಕಟ್ಟೆಯ ಮೇಲೆ ಕುಳಿತು, ಯಂತ್ರದ ಬಾಯಿಂದ ಅರಳೆಯು ಉಬ್ಬಿ ಬರುವದನ್ನು ಒಂದೇ ಸಮನೆ ನೋಡುತ್ತಿದ್ದಳು. “ನಮ್ಮಪ್ಪ ಹತ್ತಿ ಬಿಡಸೂಮುಂದ ಮೆಣಸಿನಕಾಯಿ ಸಾಲಿನ್ಯಾಗ ನಮ್ಮನ್ನ ಕುಂದ್ರಸತಿದ್ದ” ಎಂದು ಒಮ್ಮೆ ಹೇಳಿದಳು. ಹತ್ತಿ ಮೆಣಸಿನಕಾಯಿಗಳನ್ನು ಒಂದೇ ಹೊಲದಲ್ಲಿ ಸಾಲು ಸಾಲಾಗಿ ಬೆಳೆಯುವದು ಈ ಸೀಮೆಯ ರೂಢಿ.

ಇನ್ನು ಹಣದ ಮಾತು. ನಾರಿನ ಗಾದಿ, ಹಿಂಜುವ ಹೊಲಿಯುವ ಕೂಲಿ, ಬಟ್ಟೆ ಎಲ್ಲ ಕೂಡಿದರೂ ಮೊದಲು ತಂದ ಫೋಮಿನ ಗಾದಿಯ ಬೆಲೆಯ ಅರ್ಧಕ್ಕಿಂತ ಕಡಿಮೆಯಾಯಿತು. ಹಾಗೆಂದು ಅಗ್ಗವಾದದ್ದೆಲ್ಲ ಲಾಭದ್ದೆಂದು ತಿಳಿಯಬಾರದು. ಗಾದಿಯ ಬೆಲೆಯನ್ನು ರೂಪಾಯಿಗಳಲ್ಲಲ್ಲ, ರಾತ್ರಿಗಳಲ್ಲಿ ಎಣಿಸಬೇಕು. 12,000 ರೂಪಾಯಿಯ ಗಾದಿಯು ಹತ್ತು ವರ್ಷ ಬಾಳಿದರೆ 3,650 ರಾತ್ರಿಗಳು; ರಾತ್ರಿಯೊಂದಕ್ಕೆ ಮೂರೂಕಾಲು ರೂಪಾಯಿಯ ಸುಮಾರು. 4,000 ರೂಪಾಯಿಯದು ಎರಡು ವರ್ಷಕ್ಕೆ ಕುಸಿದರೆ ರಾತ್ರಿಯೊಂದಕ್ಕೆ ಐದೂವರೆ ರೂಪಾಯಿ ಬೀಳುವದು. ಎಂಟು ಇಂಚಿನ ಆ ಫೋಮಿನ ಗಾದಿಯಾದರೂ ವ್ಯರ್ಥವಾಗಲಿಲ್ಲ. ಅದೀಗ ನನ್ನ ಮಗನ ಕೋಣೆಯಲ್ಲಿದೆ. ಇಪ್ಪತ್ತು ವರ್ಷದ ಅವನು ಅದರಂಥ ಹಾಸಿಗೆಯಿಲ್ಲವೆನ್ನುತ್ತಾನೆ. ಗಾದಿಯು ಕೆಟ್ಟದ್ದಾಗಿರಲಿಲ್ಲ, ಅದು ತಕ್ಕವರ ಪಾಲಿಗೆ ಬಂದಿರಲಿಲ್ಲ, ಅಷ್ಟೇ.

ಗೃಹಿಣಿಯರು ಮನಸ್ಸಿನಲ್ಲಿಡತಕ್ಕ ಮತ್ತೆರಡು ಮಾತುಗಳಿವೆ. ಮೊದಲನೆಯದು, ಮಂಚವನ್ನು ಅಳೆಯದೆ ಪೇಟೆಗೆ ಹೋಗಬೇಡಿರಿ. ಉದ್ದ ಅಗಲಗಳಷ್ಟೇ ಅಲ್ಲ, ಎತ್ತರವನ್ನೂ ಅಳೆಯಿರಿ. ಗಾದಿಯ ಸಹಿತ ಮಂಚವು ಮೊಣಕಾಲಿನ ಮಟ್ಟಕ್ಕೆ, ಎಂದರೆ ಹದಿನೆಂಟು ಇಂಚಿನ ಸುಮಾರಿಗೆ ಇದ್ದರೆ, ಮುದುಕರು ಕುಳಿತು ಎರಡೂ ಪಾದಗಳನ್ನು ನೆಲಕ್ಕೂರಿ ಸುಲಭವಾಗಿ ಏಳಬಲ್ಲರು. ದಪ್ಪ ಗಾದಿಯಿಂದ ಮಂಚವು ಎತ್ತರವಾಗಿ ರಾತ್ರಿ ಇಳಿಯುವಾಗ ಕಾಲುಜಾರಿ ಬಿದ್ದವರನ್ನು ನಾನು ಬಲ್ಲೆನು. ಎರಡನೆಯದು, ಹತ್ತು ನಿಮಿಷವಾದರೂ ತಾವು ದಿನಾಲು ಮಲಗುವ ಭಂಗಿಯಲ್ಲಿಯೇ ಮಲಗಿ ನೋಡದೆ, ಹೊರಳಿ ನೋಡದೆ, ಎದ್ದು ನೋಡದೆ ಕೊಳ್ಳಬೇಡಿರಿ. ಮನೆಯಲ್ಲಿ ಕೆಲದಿನ ಪರೀಕ್ಷಿಸಿ ಮರಳಿಸುವ ಅನುಕೂಲತೆಯನ್ನು ಈಗ ಕೆಲವರು ಕೊಡುತ್ತಾರೆ. ಅದರ ಷರತ್ತುಗಳನ್ನು ಹಣ ಕೊಡುವ ಮೊದಲೇ ಓದಿರಿ.

ಹೊಸ ಹಾಸಿಗೆಯು ಮಂಚಕ್ಕೆ ಬಂದು ಮೂರು ವಾರಗಳಾದವು. ಮೊದಲ ಎರಡು ರಾತ್ರಿ ನಾನು ಎದ್ದೆದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆನು. ದೀಪವಾರಿತ್ತು. ಜಮಖಾನವು ಟ್ರಂಕಿನ ಮೇಲೆ ಮಡಿಚಿದಂತೆಯೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಹಾಲಿನವನು ಬಂದು ಹೋದ ಎಷ್ಟೋ ಹೊತ್ತಿನ ಮೇಲೆ ತಾಯಿಯು ಎದ್ದು ಬಂದು, ಅಡಿಗೆಮನೆಯ ಬಾಗಿಲಲ್ಲಿ ಕುಳಿತು, ತಪ್ಪು ಮಾಡಿದವಳಂತೆ ನನ್ನ ಕಡೆಗೆ ನೋಡಿ, “ತಮ್ಮಾ, ಇವತ್ತು ನನಗ ಎಚ್ಚರಾನ ಆಗ್ಲಿಲ್ಲ ನೋಡು” ಎಂದಳು.

ನಾನು ಚಹದ ಬಟ್ಟಲನ್ನು ಅವಳ ಮುಂದಿಟ್ಟೆನು. ಹೊರಗೆ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಚಹ ಕುಡಿದಾದ ಮೇಲೆ ಅವಳು ತಾನೇ ಎದ್ದು ಹೋಗಿ, ತೆಳುವಾದ ಗಾದಿಯನ್ನು ಎತ್ತಿ ತಂದು ಕಟ್ಟೆಯ ಮೇಲೆ ಹರವಿ, ಅಂಗೈಯಿಂದ ಅದನ್ನೊಮ್ಮೆ ಸವರಿ ಒಳಗೆ ಬಂದಳು.